ಟೊಮೆಟೊ ಬಡವರ ಕಿತ್ತಳೆಯೇ?

ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವಾಗ ನಾವು ಕಿತ್ತಳೆ ಹಣ್ಣು ತಗೊಂಡು ಹೋಗುತ್ತೇವೆ. ಟೊಮೆಟೊ ತಗೊಂಡು ಹೋದವರನ್ನು ಕಂಡಿದ್ದೀರಾ? ಹೋದರೆ ನಗುತ್ತಾರೆ. ಟೊಮೆಟೊ ಅಂದರೆ ಸಾರಿಗೆ ಹಾಕುವುದು, ಕಿತ್ತಳೆ ಅಂದರೆ ಶಕ್ತಿ ಕೊಡುವುದು ಅಂತ ನಮ್ಮ ನಂಬಿಕೆ. ಆದರೆ ಟೊಮೆಟೊಗೆ ‘ಬಡವರ ಕಿತ್ತಳೆ’ ಎಂಬ ಹೆಸರೂ ಉಂಟು. ಈ ಹೆಸರು ನಿಜವೇ? ಲೆಕ್ಕ ಹಾಕಿ ನೋಡೋಣ.

ಕಿತ್ತಳೆಗೆ ಹೆಸರು ಬಂದದ್ದು ಸಿ ಜೀವಸತ್ವದಿಂದ. ಇದನ್ನು ವಿಟಮಿನ್ ಸಿ ಅಂತಲೂ ಹೇಳುತ್ತಾರೆ. ಇದು ಕಡಿಮೆಯಾದರೆ ವಸಡು ಊದಿ ರಕ್ತ ಬರುತ್ತದೆ. ಗಾಯ ಬೇಗ ಮಾಯುವುದಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ನಮ್ಮ ದೇಶದ ಆಹಾರಗಳನ್ನು ಪರೀಕ್ಷೆ ಮಾಡಿ 2017ರಲ್ಲಿ ಒಂದು ಪಟ್ಟಿ ತಂದಿತು. ಅದರ ಪ್ರಕಾರ 100 ಗ್ರಾಂ ಕಿತ್ತಳೆ ತೊಳೆಯಲ್ಲಿ ಸುಮಾರು 40 ಮಿಲಿಗ್ರಾಂ ಸಿ ಜೀವಸತ್ವ ಇದೆ. ಅಷ್ಟೇ ತೂಕದ ಹಣ್ಣು ಟೊಮೆಟೊದಲ್ಲಿ ಸುಮಾರು 25 ಮಿಲಿಗ್ರಾಂ. ಅಂದರೆ ಕಿತ್ತಳೆಯೇ ಮುಂದು. ಆದರೆ ಎರಡು ಟೊಮೆಟೊ ತಿಂದರೆ ಒಂದು ಕಿತ್ತಳೆ ತಿಂದ ಹಾಗಾಯಿತು. ಹೆಸರು ಪೂರ್ತಿ ಸುಳ್ಳಲ್ಲ!

ಸಕ್ಕರೆ, ಸುಣ್ಣದ ಅಂಶ ಕಿತ್ತಳೆಯಲ್ಲಿ ಹೆಚ್ಚು. ಟೊಮೆಟೊದಲ್ಲಿ ನೀರೇ ಹೆಚ್ಚು.

ಒಂದು ತೊಡಕಿದೆ. ಕಿತ್ತಳೆಯನ್ನು ನಾವು ಹಸಿಯಾಗಿ ತಿನ್ನುತ್ತೇವೆ. ಟೊಮೆಟೊವನ್ನು ಕುದಿಸುತ್ತೇವೆ. ಸಿ ಜೀವಸತ್ವಕ್ಕೆ ಬಿಸಿ ಆಗದು. ಸಾರು ಕುದಿದಷ್ಟೂ ಅದು ಕಡಿಮೆಯಾಗುತ್ತದೆ. ಹಾಗಂತ ಬೇಯಿಸಿದ್ದು ದಂಡವೇನಲ್ಲ. ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ಎಂಬ ಅಂಶವಿದೆ. ಎಣ್ಣೆ ಹಾಕಿ ಬೇಯಿಸಿದ ಗೊಜ್ಜಿನಿಂದ ಅದು ಮೈಗೆ ಚೆನ್ನಾಗಿ ಹತ್ತುತ್ತದೆ. ಕಿತ್ತಳೆಯಲ್ಲಿ ಅದು ಇಲ್ಲ ಎನ್ನುವಷ್ಟು ಕಡಿಮೆ.

ಇನ್ನು ನಮ್ಮ ಹೆಣ್ಣುಮಕ್ಕಳ ಮಾತು. 2019-21ರ ಸರ್ಕಾರಿ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ 100 ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ನೂರಕ್ಕೆ ಹತ್ತಿರ ಹತ್ತಿರ ಅರ್ಧ! ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣು ಕತ್ತಲೆ. ರಕ್ತಕ್ಕೆ ಕಬ್ಬಿಣದ ಅಂಶ ಬೇಕು. ರಾಗಿ, ಕಾಳು, ಸೊಪ್ಪಿನಲ್ಲಿ ಅದು ಇದೆ. ಆದರೆ ತಿಂದದ್ದೆಲ್ಲ ಮೈಗೆ ಸೇರುವುದಿಲ್ಲ. ಅದೇ ಊಟದಲ್ಲಿ ಸಿ ಜೀವಸತ್ವ ಇದ್ದರೆ ಹೆಚ್ಚು ಸೇರುತ್ತದೆ. ಊಟವಾದ ಕೂಡಲೇ ಟೀ ಕುಡಿದರೆ ಕಡಿಮೆ ಸೇರುತ್ತದೆ.

ಇಲ್ಲಿ ಟೊಮೆಟೊಗೆ ಒಂದು ಅನುಕೂಲ ಇದೆ. ಮುದ್ದೆ, ಸೊಪ್ಪಿನ ಸಾರಿನ ಜೊತೆ ಕಿತ್ತಳೆ ತಿನ್ನುವವರು ಅಪರೂಪ. ಹಸಿ ಟೊಮೆಟೊ, ಈರುಳ್ಳಿ ಹೆಚ್ಚಿ ಉಪ್ಪು ಹಾಕಿ ನೆಂಚಿಕೊಳ್ಳುವುದು ಸುಲಭ. ಚೆನ್ನಾಗಿ ತೊಳೆದು, ಊಟದ ಹೊತ್ತಿಗೇ ಹೆಚ್ಚಿರಿ. ಹೆಚ್ಚಿ ಬಹಳ ಹೊತ್ತು ಇಟ್ಟರೆ ಸತ್ವ ಹೋಗುತ್ತದೆ. ರಕ್ತ ಕಡಿಮೆ ಇದೆ ಅಂತ ಮಾತ್ರೆ ಕೊಟ್ಟಿದ್ದರೆ, ಟೊಮೆಟೊ ತಿನ್ನುತ್ತೇನಲ್ಲ ಅಂತ ಅದನ್ನು ಬಿಡಬೇಡಿ.

ಟೊಮೆಟೊ ಎಂದೂ ಅಗ್ಗ ಅಂತಲೂ ಹೇಳುವ ಹಾಗಿಲ್ಲ. ಒಮ್ಮೊಮ್ಮೆ ಬೆಲೆ ಸಿಗದೆ ರೈತರು ರಸ್ತೆಗೆ ಸುರಿಯುತ್ತಾರೆ. 2023ರ ಜುಲೈನಲ್ಲಿ ಕಿಲೋಗೆ 100 ರೂಪಾಯಿ ದಾಟಿತ್ತು. ಅಂಥ ದಿನಗಳಲ್ಲಿ ಹಿತ್ತಲ ಸೀಬೆ ಮರ ನೋಡಿ. 100 ಗ್ರಾಂ ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂಗೂ ಹೆಚ್ಚು ಸಿ ಜೀವಸತ್ವ ಇದೆ. ಕಿತ್ತಳೆಯೂ ಅದರ ಮುಂದೆ ಸಣ್ಣದು.