ಹೆದ್ದಾರಿಯ ನಿರ್ಗಮನದಲ್ಲಿ ಭೋಜನಗೃಹಗಳು: ಅಮೆರಿಕದ ಪ್ರಯಾಣಿಕರನ್ನು ಕುರಿತು ಒಂದು ಪರಿಶೀಲನೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅಂತರರಾಜ್ಯ ಹೆದ್ದಾರಿಯ ಮೇಲೆ ಮೋಟಾರಿನಲ್ಲಿ ಹೋಗುವವನಿಗೆ ದಾರಿಯುದ್ದಕ್ಕೂ ಒಂದು ದೃಶ್ಯ ಮರುಕಳಿಸುತ್ತದೆ. ಮೊದಲು ಬಲಬದಿಯಲ್ಲಿ ನೀಲಿ ಬಣ್ಣದ ಒಂದು ಫಲಕ. ಅದರ ಮೇಲೆ ಐದಾರು ಭೋಜನಗೃಹಗಳ ಲಾಂಛನಗಳು. ಅನಂತರ ಹೆದ್ದಾರಿಯಿಂದ ಕವಲೊಡೆಯುವ ಇಳಿದಾರಿ. ಅದರ ಕೊನೆಯಲ್ಲಿ ಪೆಟ್ರೋಲು ಬಂಕು, ವಸತಿಗೃಹ, ಅವುಗಳ ನಡುವೆ ಎತ್ತರದ ಕಂಬಗಳ ಮೇಲೆ ಹೆಸರು ಹೊತ್ತ ನಾಲ್ಕಾರು ಭೋಜನಗೃಹಗಳು. ಮುನ್ನೂರು ಮೈಲಿ ಮುಂದೆ ಹೋಗಿ ಇನ್ನೊಂದು ರಾಜ್ಯದಲ್ಲಿ ಇಳಿದರೂ ಅವೇ ಹೆಸರುಗಳು, ಅವೇ ಬಣ್ಣಗಳು, ಅವೇ ತಿನಿಸುಗಳು. ಹೀಗೆ ಒಂದೇ ಹೆಸರಿನಲ್ಲಿ, ಒಂದೇ ಪದ್ಧತಿಯಂತೆ ಅನೇಕ ಊರುಗಳಲ್ಲಿ ನಡೆಯತಕ್ಕ ಭೋಜನಗೃಹಗಳನ್ನು ನಾವು ಈ ಲೇಖನದಲ್ಲಿ ಸರಣಿ ಭೋಜನಗೃಹಗಳೆಂದು ಕರೆಯುತ್ತೇವೆ.

ಇವುಗಳನ್ನು ಕುರಿತು ವಿದ್ಯಾವಂತರು ಸಾಮಾನ್ಯವಾಗಿ ಆಡುವ ಮಾತು ಒಂದೇ: ಇವು ಊರೂರಿನ ರುಚಿಯನ್ನು ಅಳಿಸಿ, ದೊಡ್ಡ ಬಂಡವಾಳದ ಏಕರೂಪತೆಯನ್ನು ಹರಡಿವೆ ಎಂಬುದು. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅದು ಮೂರು ಪ್ರಶ್ನೆಗಳನ್ನು ಹಾಗೆಯೇ ಉಳಿಸಿಬಿಡುತ್ತದೆ. ಇವು ಊರೊಳಗಿರದೆ ನಿರ್ಗಮನದ ಬಾಯಲ್ಲೇ ಗುಂಪುಗೂಡಿರುವುದೇಕೆ? ಎಲ್ಲೆಡೆಯೂ ಒಂದೇ ಬಗೆಯಾಗಿರುವುದೇಕೆ? ದಾರಿಹೋಕರಲ್ಲಿ ಯಾರಿಗೆ ಇವು ಅನ್ನವಿಟ್ಟುವು, ಯಾರಿಗೆ ಇಡಲಿಲ್ಲ? ಈ ಮೂರನ್ನೂ ಕ್ರಮವಾಗಿ ಪರ್ಯಾಲೋಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲನೆಯ ಪ್ರಶ್ನೆಗೆ ಉತ್ತರವಿರುವುದು ಅಡುಗೆಮನೆಯಲ್ಲಲ್ಲ, ಕಾನೂನಿನಲ್ಲಿ. ೧೯೪೦ರ ಅಕ್ಟೋಬರ್ ೧ರಂದು ಪೆನ್ಸಿಲ್ವೇನಿಯ ರಾಜ್ಯದಲ್ಲಿ ಕಾರ್ಲೈಲಿನಿಂದ ಅರ್ವಿನ್ನಿನವರೆಗೆ ೧೬೦ ಮೈಲಿಗಳ ಸುಂಕದ ಹೆದ್ದಾರಿಯೊಂದು ತೆರೆಯಿತು. ಅದರಲ್ಲಿ ಪ್ರಯಾಣಿಕನು ಹೆದ್ದಾರಿಯನ್ನು ಬಿಟ್ಟಿಳಿಯದೆ ಅದರ ಅಂಚಿನಲ್ಲೇ ಉಣ್ಣಬಹುದಾಗಿತ್ತು. ಅಲ್ಲಿ ಉಣಬಡಿಸುವ ಹಕ್ಕು ಹೋವರ್ಡ್ ಜಾನ್ಸನ್ ಸಂಸ್ಥೆಗೆ ದೊರೆತಿತ್ತು. ಇದರ ಗುಣವೂ ದೋಷವೂ ಬೇಗನೆ ಕಂಡುಬಂದುವು. ಪ್ರಯಾಣಿಕನಿಗೆ ಅನುಕೂಲವಾಯಿತು, ಆದರೆ ಹತ್ತಿರದ ಊರಿನ ವ್ಯಾಪಾರಿಗೆ ಆ ಪ್ರಯಾಣಿಕನು ಕೈಗೆಟುಕದಾದನು. ೧೯೫೬ರ ಜೂನ್ ೨೯ರಂದು ಅಧ್ಯಕ್ಷ ಐಸೆನ್‌ಹೋವರ್ ಅಂಕಿತ ಹಾಕಿದ ಶಾಸನದಂತೆ ೪೧,೦೦೦ ಮೈಲಿಗಳ ಅಂತರರಾಜ್ಯ ಹೆದ್ದಾರಿ ಜಾಲದ ನಿರ್ಮಾಣಕ್ಕೆ ಕೈಹಾಕಿದಾಗ, ಹೆದ್ದಾರಿಯ ಭೂಮಿಯಲ್ಲಿ ಪೆಟ್ರೋಲು ಬಂಕಾಗಲಿ ಪ್ರಯಾಣಿಕರಿಗಾಗಿ ನಡೆಸುವ ಬೇರಾವ ವಾಣಿಜ್ಯ ಸಂಸ್ಥೆಯಾಗಲಿ ಇರಕೂಡದೆಂದು ವಿಧಿಸಲಾಯಿತು. ಹಳೆಯ ಸುಂಕದ ಹೆದ್ದಾರಿಗಳ ಮೇಲೆ ಅದಾಗಲೇ ಇದ್ದುವಕ್ಕೆ ಮಾತ್ರ ವಿನಾಯಿತಿ ದೊರೆಯಿತು. ದಾರಿಯ ಲಾಭ ಒಬ್ಬನ ಪಾಲಾಗದೆ ಹತ್ತಿರದವರಿಗೆಲ್ಲ ಹಂಚಿಹೋಗಲಿ ಎಂಬುದು ಈ ನಿಷೇಧದ ಆಶಯ.

ಇದರೊಡನೆ ಇನ್ನೊಂದು ಅಂಶವನ್ನು ಕೂಡಿಸಿ ನೋಡಬೇಕು. ಈ ಹೆದ್ದಾರಿಗಳಿಗೆ ಎಲ್ಲೆಂದರಲ್ಲಿ ಏರುವಂತಿಲ್ಲ, ಎಲ್ಲೆಂದರಲ್ಲಿ ಇಳಿಯುವಂತಿಲ್ಲ. ಹಳೆಯ ರಸ್ತೆಯ ಎರಡು ಬದಿಗಳೂ ಅಂಗಡಿಯಿಡಲು ಯೋಗ್ಯವಾಗಿದ್ದುವು. ಹೊಸ ಹೆದ್ದಾರಿಯಲ್ಲಾದರೋ ಮೈಲಿಗಟ್ಟಲೆ ದೂರಕ್ಕೆ ಒಂದೊಂದು ನಿರ್ಗಮನ ಮಾತ್ರ ಪ್ರಯಾಣಿಕನೂ ಊರೂ ಸಂಧಿಸುವ ಸ್ಥಾನ. ನದಿಯುದ್ದಕ್ಕೂ ಇದ್ದ ಸಂತೆ ಕೆಲವೇ ಸೋಪಾನಕಟ್ಟೆಗಳಿಗೆ ಸರಿದಂತಾಯಿತು. ಪೆನ್ಸಿಲ್ವೇನಿಯದ ಬ್ರೀಜ್‌ವುಡ್ ಎಂಬ ಚಿಕ್ಕ ಊರು ಇದರ ಪರಮಾವಧಿ. ಸುಂಕದ ರಸ್ತೆಗೆ ನೇರ ಕೂಡುದಾರಿ ಕಟ್ಟಲು ಕೇಂದ್ರದ ಹಣವನ್ನು ಬಳಸುವುದಕ್ಕೆ ಆಗಿನ ನಿಯಮಗಳಲ್ಲಿ ನಿರ್ಬಂಧವಿದ್ದುದರಿಂದ, ೭೦ನೆಯ ಅಂತರರಾಜ್ಯ ಹೆದ್ದಾರಿಯಲ್ಲಿ ಹೋಗುವವರು ಅಲ್ಲಿ ಕೆಳಗಿಳಿದು, ಸಂಚಾರದೀಪಗಳಿರುವ ಸಾಮಾನ್ಯ ರಸ್ತೆಯಲ್ಲಿ ಸ್ವಲ್ಪ ದೂರ ಸಾಗಿ ಮತ್ತೆ ಹೆದ್ದಾರಿಯನ್ನೇರಬೇಕಾಯಿತು. ಆ ಸ್ವಲ್ಪ ದೂರದಲ್ಲೇ ಭೋಜನಗೃಹ, ವಸತಿಗೃಹ, ಬಂಕುಗಳ ಒಂದು ಪೇಟೆ ಬೆಳೆಯಿತು. ನಿಯಮವೊಂದು ಪೇಟೆಯನ್ನು ಹುಟ್ಟಿಸಬಲ್ಲದೆಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ಬೇಕಿಲ್ಲ.

ಆದರೆ ಶಾಸನದ ಆಶಯವಿದ್ದುದು ಹತ್ತಿರದ ಊರಿನವರಿಗೆ ಲಾಭವಾಗಲೆಂದು. ನಿರ್ಗಮನಗಳಲ್ಲಿ ಬಂದು ನಿಂತವು ಬಹುಮಟ್ಟಿಗೆ ದೂರದ ಹೆಸರುಗಳು. ಹೀಗೇಕಾಯಿತು? ಇದೇ ನಮ್ಮ ಎರಡನೆಯ ಪ್ರಶ್ನೆ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆ ನಮ್ಮಲ್ಲುಂಟು. ಊರಿನ ವ್ಯಾಪಾರವೆಲ್ಲ ನಿಂತಿರುವುದು ಈ ಗಾದೆಯ ಮೇಲೆ. ಇಂದು ಹಳಸಿದ ಅನ್ನವಿಟ್ಟವನ ಬಳಿಗೆ ನಾಳೆ ಯಾರೂ ಬರುವುದಿಲ್ಲ. ಮತ್ತೆ ಮುಖ ನೋಡಬೇಕಾದ ಅಂಜಿಕೆಯೇ ಅಡುಗೆಯವನನ್ನು ಪ್ರಾಮಾಣಿಕನನ್ನಾಗಿ ಇಟ್ಟಿರುತ್ತದೆ. ಹೆದ್ದಾರಿಯ ಪ್ರಯಾಣಿಕನ ವಿಷಯದಲ್ಲಿ ಈ ಗಾದೆ ಸಲ್ಲುವುದಿಲ್ಲ. ಅವನು ಈ ನಿರ್ಗಮನಕ್ಕೆ ಮತ್ತೆ ಬರುವವನಲ್ಲ. ಬಡಿಸುವವನಿಗೂ ಅದು ಗೊತ್ತು, ಉಣ್ಣುವವನಿಗೂ ಗೊತ್ತು. ಗಂಟೆಗೆ ೭೦ ಮೈಲಿ ವೇಗದಲ್ಲಿ, ಎಂದರೆ ನಿಮಿಷಕ್ಕೆ ಒಂದು ಮೈಲಿಗೂ ಮಿಗಿಲಾಗಿ, ಸಾಗುತ್ತಿರುವವನು ಅಪರಿಚಿತ ಊರಿನ ಅಪರಿಚಿತ ಅಡುಗೆಯನ್ನು ಕ್ಷಣಾರ್ಧದಲ್ಲಿ ನಂಬಬೇಕು. ಯಾರನ್ನು ಕೇಳಿ ನಂಬುವುದು?

ಸರಣಿ ಭೋಜನಗೃಹವು ಈ ತೊಡಕಿಗೆ ಕಂಡುಕೊಂಡ ಪರಿಹಾರ ಸರಳವಾದದ್ದು. ಪ್ರಯಾಣಿಕನು ಆ ಸ್ಥಳಕ್ಕೆ ಮರಳಿ ಬರುವುದಿಲ್ಲ, ನಿಜ. ಆದರೆ ಆ ಹೆಸರಿಗೆ ಮರಳಿ ಬರುತ್ತಾನೆ. ಒಹಾಯೊದಲ್ಲಿ ಕೆಟ್ಟ ಊಟ ಉಂಡವನು ಟೆನ್ನೆಸ್ಸೀಯಲ್ಲಿ ಅದೇ ಲಾಂಛನವನ್ನು ಕಂಡು ಮುಂದೆ ಸಾಗಿಬಿಡುತ್ತಾನೆ. ಆದುದರಿಂದ ಒಂದು ಅಂಗಡಿಯ ಅಡುಗೆಯನ್ನು ಕಾಯುವುದು ಉಳಿದೆಲ್ಲ ಅಂಗಡಿಗಳ ಹಿತವಾಗುತ್ತದೆ. ನೆರೆಹೊರೆಯವರ ಕಣ್ಣು ಊರಿನಲ್ಲಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಹೆಸರು ಮಾಡುತ್ತದೆ. ಏಕರೂಪತೆಯನ್ನು ಬರಿಯ ರುಚಿಯ ಬಡತನವೆಂದು ತಿಳಿದವರು ಈ ಅಂಶವನ್ನು ಲಕ್ಷಿಸಿಲ್ಲ. ಅಪರಿಚಿತರ ನಡುವಣ ನಂಬಿಕೆ ತಾಳಿದ ರೂಪವೇ ಈ ಏಕರೂಪತೆ ಎಂಬುದು ನಮ್ಮ ಅಭಿಪ್ರಾಯ. ಪರಸ್ಪರ ಸ್ಪರ್ಧಿಗಳು ಒಂದೇ ಕಡೆ ಗುಂಪುಗೂಡುವುದಕ್ಕೂ ಕಾರಣವುಂಟು. ಪ್ರಯಾಣಿಕನು ಮೊದಲು ನಿರ್ಗಮನವನ್ನು ಆರಿಸಿಕೊಳ್ಳುತ್ತಾನೆ, ಅನಂತರ ಭೋಜನಗೃಹವನ್ನು. ಮಕ್ಕಳಿಗೊಂದು, ಹಿರಿಯರಿಗೊಂದು ದೊರೆಯುವ ಕಡೆಯಲ್ಲೇ ಅವನು ಇಳಿಯುವುದು ಸಹಜ.

ಈ ಪರಿವರ್ತನೆಯ ಇತಿಹಾಸವನ್ನು ಒಬ್ಬ ವ್ಯಕ್ತಿಯ ಬಾಳಿನಲ್ಲೇ ಕಾಣಬಹುದು. ಕೆಂಟಕಿ ರಾಜ್ಯದ ಕಾರ್ಬಿನ್ ಎಂಬಲ್ಲಿ ಹಾರ್ಲಂಡ್ ಸ್ಯಾಂಡರ್ಸ್ ಎಂಬಾತನು ೧೯೩೦ರ ಸುಮಾರಿಗೆ ಪೆಟ್ರೋಲು ಬಂಕಿನೊಡನೆ ಊಟವನ್ನೂ ಒದಗಿಸತೊಡಗಿದನು. ಹಳೆಯ ೨೫ನೆಯ ಹೆದ್ದಾರಿಯ ಪ್ರಯಾಣಿಕರೇ ಅವನ ಗಿರಾಕಿಗಳು. ೧೯೫೦ರ ದಶಕದಲ್ಲಿ, ಕಾರ್ಬಿನ್ನನ್ನು ಬದಿಗೊತ್ತಿ ೭೫ನೆಯ ಅಂತರರಾಜ್ಯ ಹೆದ್ದಾರಿ ಹಾದುಹೋಗುವುದೆಂದು ತಿಳಿದಾಗ ಅವನ ಭೋಜನಗೃಹದ ಬೆಲೆ ಕುಸಿಯಿತು. ೧೯೫೬ರಲ್ಲಿ ಅದು ಹರಾಜಾಯಿತು. ಅರುವತ್ತು ದಾಟಿದ್ದ ಆತನು ತನ್ನ ಕೋಳಿಯ ಅಡುಗೆಯ ಪಾಕವನ್ನೂ ಹೆಸರನ್ನೂ ಊರೂರಿನ ಹೋಟಲಿನವರಿಗೆ ಪರವಾನಗಿಯ ಮೇಲೆ ಕೊಡುತ್ತ ತಿರುಗಿದನು. ಇಂಥ ಮೊದಲ ಒಪ್ಪಂದ ೧೯೫೨ರಲ್ಲೇ ಸಾಲ್ಟ್ ಲೇಕ್ ಸಿಟಿಯಲ್ಲಿ ಆಗಿತ್ತು. ಹೊಸ ಹೆದ್ದಾರಿ ಅವನ ಸ್ಥಳವನ್ನು ಕಸಿದುಕೊಂಡಿತು. ಅವನ ಹೆಸರೋ ಅದೇ ಬಗೆಯ ಹೆದ್ದಾರಿಗಳ ನಿರ್ಗಮನಗಳಲ್ಲಿ ಬೇರೂರಿತು. ಇದಕ್ಕೆ ಪೂರಕವಾದ ಇನ್ನೊಂದು ಉದಾಹರಣೆ ೧೯೬೯ರಲ್ಲಿ ಟೆನ್ನೆಸ್ಸೀಯ ಲೆಬನಾನಿನಲ್ಲಿ ಡ್ಯಾನ್ ಎವಿನ್ಸ್ ಪ್ರಾರಂಭಿಸಿದ ಕ್ರ್ಯಾಕರ್ ಬ್ಯಾರಲ್. ಪೆಟ್ರೋಲು ಮಾರಾಟವನ್ನು ಹೆಚ್ಚಿಸುವ ಉಪಾಯವಾಗಿ ಹುಟ್ಟಿದ ಈ ಸರಣಿಯು ಹಳೆಯ ಹಳ್ಳಿಯಂಗಡಿಯ ವೇಷವನ್ನು ಧರಿಸಿದೆ. ಹೆದ್ದಾರಿಯು ಬದಿಗೊತ್ತಿದ ಹಳ್ಳಿಯ ಪ್ರತಿಕೃತಿಯನ್ನೇ ಹೆದ್ದಾರಿಯ ನಿರ್ಗಮನದಲ್ಲಿ ಮಾರುವುದು ವಿಚಾರಾರ್ಹವಾದ ಸಂಗತಿ.

ಈಗ ಮೂರನೆಯದಾದ, ಎಲ್ಲಕ್ಕಿಂತ ಗಹನವಾದ ಪ್ರಶ್ನೆಗೆ ಬರೋಣ. ೧೯೩೬ರಲ್ಲಿ ಅಮೆರಿಕದಲ್ಲಿ ಎರಡು ಮಾರ್ಗದರ್ಶಿ ಪುಸ್ತಕಗಳು ಹೊರಬಂದುವು. ಒಂದನ್ನು ಪ್ರಕಟಿಸಿದವನು ಡಂಕನ್ ಹೈನ್ಸ್ ಎಂಬ ಸಂಚಾರಿ ಮಾರಾಟಗಾರ. ದಾರಿಯಲ್ಲಿ ಚೊಕ್ಕಟವಾದ, ರುಚಿಯಾದ ಊಟ ಎಲ್ಲಿ ದೊರೆಯುತ್ತದೆಂಬುದು ಅದರ ವಿಷಯ. ಇನ್ನೊಂದನ್ನು ಪ್ರಕಟಿಸಿದವನು ನ್ಯೂಯಾರ್ಕಿನ ಹಾರ್ಲೆಮ್ ಭಾಗದ ವಿಕ್ಟರ್ ಹ್ಯೂಗೊ ಗ್ರೀನ್ ಎಂಬ ಕಪ್ಪು ಜನಾಂಗದ ಅಂಚೆಯವನು. ಗ್ರೀನ್ ಬುಕ್ ಎಂದು ಹೆಸರಾದ ಆ ಪುಸ್ತಕದಲ್ಲಿದ್ದುದು, ಕಪ್ಪು ಪ್ರಯಾಣಿಕನನ್ನು ಅವಮಾನಿಸಿ ಅಟ್ಟದೆ ಒಳಗೆ ಬಿಟ್ಟುಕೊಳ್ಳುವ ಸ್ಥಳಗಳ ಪಟ್ಟಿ. ಒಂದೇ ರಸ್ತೆ, ಒಂದೇ ಹಸಿವು. ಆದರೆ ಒಬ್ಬನು ಕೇಳುತ್ತಿದ್ದುದು ಊಟ ಹೇಗಿದೆಯೆಂದು, ಇನ್ನೊಬ್ಬನು ಕೇಳುತ್ತಿದ್ದುದು ಊಟ ಕೊಡುವಿರಾ ಎಂದು.

ಹೆಸರಿನ ಭರವಸೆ ಎಲ್ಲರಿಗೂ ಸಲ್ಲುತ್ತಿರಲಿಲ್ಲ. ೧೯೫೭ರ ಅಕ್ಟೋಬರಿನಲ್ಲಿ ಘಾನಾ ದೇಶದ ಅರ್ಥಸಚಿವ ಕೊಮ್ಲಾ ಬೆಡೆಮಾ ಅವರಿಗೆ ಡೆಲವೇರ್ ರಾಜ್ಯದ ಡೋವರಿನ ಹೋವರ್ಡ್ ಜಾನ್ಸನ್ ಭೋಜನಗೃಹವೊಂದರಲ್ಲಿ, ಅವರ ಬಣ್ಣದ ಕಾರಣದಿಂದ, ಒಳಗೆ ಕುಳಿತು ಕಿತ್ತಳೆಯ ರಸ ಕುಡಿಯಲು ಅವಕಾಶ ದೊರೆಯಲಿಲ್ಲ. ಅಧ್ಯಕ್ಷ ಐಸೆನ್‌ಹೋವರ್ ಅವರನ್ನು ಶ್ವೇತಭವನಕ್ಕೆ ಉಪಾಹಾರಕ್ಕೆ ಕರೆದು ಆದ ತಪ್ಪನ್ನು ತಿದ್ದಲೆತ್ನಿಸಿದರು. ಸಚಿವರಿಗೆ ಅಧ್ಯಕ್ಷರ ಮನೆಯ ಬಾಗಿಲು ತೆರೆಯಿತು. ಸಾಮಾನ್ಯ ಕಪ್ಪು ಪ್ರಯಾಣಿಕನಿಗೆ ತೆರೆಯಬೇಕಾಗಿದ್ದುದು ದಾರಿಬದಿಯ ಬಾಗಿಲು.

ಅದನ್ನು ತೆರೆಯಿಸಿದುದು ೧೯೬೪ರ ನಾಗರಿಕ ಹಕ್ಕುಗಳ ಶಾಸನ. ಅದನ್ನು ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದ ತರ್ಕ ನಮ್ಮ ವಿಷಯಕ್ಕೆ ಅತ್ಯಂತ ನಿಕಟವಾದದ್ದು. ಆ ವರ್ಷದ ಡಿಸೆಂಬರ್ ೧೪ರಂದು ಎರಡು ತೀರ್ಪುಗಳು ಹೊರಬಿದ್ದುವು. ಒಂದು ಅಟ್ಲಾಂಟದ ೨೧೬ ಕೊಠಡಿಗಳ ವಸತಿಗೃಹಕ್ಕೆ ಸಂಬಂಧಿಸಿದ್ದು. ಅದು ೭೫ ಮತ್ತು ೮೫ನೆಯ ಅಂತರರಾಜ್ಯ ಹೆದ್ದಾರಿಗಳಿಗೆ ಸಮೀಪವಾಗಿತ್ತು. ಅದರ ಅತಿಥಿಗಳಲ್ಲಿ ನೂರಕ್ಕೆ ಸುಮಾರು ೭೫ ಮಂದಿ ಹೊರರಾಜ್ಯದವರು. ಆದುದರಿಂದ ಅದು ಅಂತರರಾಜ್ಯ ವಾಣಿಜ್ಯದ ಅಂಗವೆಂದೂ, ಅದನ್ನು ನಿಯಂತ್ರಿಸುವ ಅಧಿಕಾರ ಶಾಸನಸಭೆಗೆ ಉಂಟೆಂದೂ ತೀರ್ಮಾನವಾಯಿತು. ಇನ್ನೊಂದು ಬರ್ಮಿಂಗ್‌ಹ್ಯಾಮಿನ ಒಂದು ಕುಟುಂಬದ ಭೋಜನಗೃಹದ್ದು. ಹೆದ್ದಾರಿಯಿಂದ ಹನ್ನೊಂದು ಬೀದಿಗಳಾಚೆ ಇದ್ದ ಅದರ ಗಿರಾಕಿಗಳು ಬಹುಪಾಲು ಸ್ಥಳೀಯರೇ. ಕಪ್ಪು ಜನರಿಗೆ ಅಲ್ಲಿ ಕಟ್ಟಿಕೊಂಡುಹೋಗಲು ಮಾತ್ರ ಅವಕಾಶ. ಆದರೆ ಅಲ್ಲಿ ಬೇಯುತ್ತಿದ್ದ ಮಾಂಸ ಹೊರರಾಜ್ಯದಿಂದ ಬಂದದ್ದೆಂಬ ಆಧಾರದ ಮೇಲೆ ಅದೂ ಶಾಸನಕ್ಕೆ ಒಳಪಟ್ಟಿತು.

ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದದ್ದು ಇಷ್ಟು. ಮನುಷ್ಯರೆಲ್ಲ ಸಮಾನರೆಂಬ ನೇರವಾದ ನೆಲೆಯ ಮೇಲಲ್ಲ, ಪ್ರಯಾಣಿಕನು ಮತ್ತು ಪದಾರ್ಥವು ಗಡಿ ದಾಟುತ್ತವೆಂಬ ನೆಲೆಯ ಮೇಲೆ ಈ ಸಮಾನತೆಯನ್ನು ನಿಲ್ಲಿಸಲಾಯಿತು. ದಾರಿಹೋಕತನವೇ ಇಲ್ಲಿ ಹಕ್ಕಿನ ಆಧಾರವಾಯಿತು. ಕೆಲವು ವರ್ಷಗಳಲ್ಲಿ ಗ್ರೀನ್ ಬುಕ್ಕಿನ ಪ್ರಕಟಣೆ ನಿಂತಿತು. ನಾವು ಆರಂಭದಲ್ಲಿ ಹೇಳಿದ ನೀಲಿಯ ಫಲಕದಲ್ಲಿ ಲಾಂಛನ ಹಾಕಿಸಿಕೊಳ್ಳಲು ಇರುವ ರಾಷ್ಟ್ರೀಯ ನಿಯಮಗಳಲ್ಲಿ, ಸ್ಥಳದ ದೂರ, ಊಟದ ಹೊತ್ತು ಮೊದಲಾದುವುಗಳೊಡನೆ, ಜನಾಂಗ, ಮತ, ಬಣ್ಣಗಳ ಭೇದವೆಣಿಸದೆ ಸೇವೆ ಸಲ್ಲಿಸುವ ಕಾನೂನುಗಳನ್ನು ಪಾಲಿಸತಕ್ಕದ್ದೆಂಬ ಷರತ್ತೂ ಸೇರಿದೆ. ಗ್ರೀನನ ಪಟ್ಟಿ ಹೇಳಬೇಕಾಗಿದ್ದುದನ್ನು ಆ ಫಲಕ ಈಗ ಹೇಳದೆಯೇ ಹೇಳುತ್ತದೆ.

ಹಾಗೆಂದು ಹೆಸರಿನ ಮೇಲಣ ನಂಬಿಕೆ ನಿರ್ದೋಷವಾದದ್ದಲ್ಲ. ಅಮೆರಿಕದಲ್ಲಿ ನೆಲಸಿದ ಭಾರತೀಯ ಸಸ್ಯಾಹಾರಿಗಳಿಗೆ ಇದರ ಅನುಭವವುಂಟು. ಮೆಕ್‌ಡೊನಾಲ್ಡ್ಸ್ ಸಂಸ್ಥೆಯು ೧೯೯೦ರಲ್ಲಿ ತನ್ನ ಹುರಿದ ಆಲೂಗಡ್ಡೆಯನ್ನು ಸಸ್ಯತೈಲದಲ್ಲಿ ಕರಿಯುವುದಾಗಿ ಸಾರಿತು. ಅದನ್ನು ನಂಬಿ ತಿಂದವರಿಗೆ, ಅದರಲ್ಲಿ ಗೋಮಾಂಸದಿಂದ ತೆಗೆದ ರುಚಿದ್ರವ್ಯವಿರುವುದು ಅನಂತರ ತಿಳಿಯಿತು. ೨೦೦೧ರಲ್ಲಿ ವ್ಯಾಜ್ಯ ಹೂಡಲಾಯಿತು; ೨೦೦೨ರಲ್ಲಿ ಸಂಸ್ಥೆಯು ಕ್ಷಮೆ ಕೋರಿ, ಸಸ್ಯಾಹಾರಿ ಮತ್ತು ಹಿಂದೂ ಸಂಸ್ಥೆಗಳೇ ಮೊದಲಾದುವಕ್ಕೆ ಒಂದು ಕೋಟಿ ಡಾಲರು ಕೊಡಲು ಒಪ್ಪಿತು. ಎದುರಿಗೆ ನಿಂತ ಅಡುಗೆಯವನನ್ನು ಏನು ಹಾಕಿದ್ದೀರಿ ಎಂದು ಕೇಳಬಹುದು. ಹೆಸರನ್ನು ಕೇಳುವುದು ಹೇಗೆ? ಬಡಿಸುವ ನೌಕರನಿಗೂ ಉತ್ತರ ತಿಳಿದಿರುವುದಿಲ್ಲ. ಅಲ್ಲದೆ ಹೆಸರುಗಳೂ ಚಿರಂಜೀವಿಗಳಲ್ಲ. ಒಂದು ಕಾಲಕ್ಕೆ ಕಿತ್ತಳೆಬಣ್ಣದ ಮಾಡಿನಿಂದ ದೇಶಕ್ಕೆಲ್ಲ ಪರಿಚಿತವಾಗಿದ್ದ ಹೋವರ್ಡ್ ಜಾನ್ಸನ್ ಭೋಜನಗೃಹಗಳಲ್ಲಿ ಕಡೆಯದು ೨೦೨೨ರಲ್ಲಿ ಮುಚ್ಚಿತು.

ಈ ವಿಷಯ ನಮಗೆ ದೂರದ್ದೆಂದು ತಿಳಿಯಬೇಕಾಗಿಲ್ಲ. ೨೦೨೩ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬದಿಗಿಟ್ಟು ಸಾಗುತ್ತದೆ. ಬಿಡದಿಯ ತಟ್ಟೆ ಇಡ್ಲಿಯೂ ಮದ್ದೂರಿನ ವಡೆಯೂ ಹೆಸರಾದುದು ದಾರಿ ಆ ಊರುಗಳೊಳಗೆ ಹಾದುಹೋಗುತ್ತಿದ್ದ ಕಾಲದಲ್ಲಿ. ಅಲ್ಲಿ ಹೆಸರು ಊರಿನದು, ಒಡೆತನ ಒಬ್ಬನದಲ್ಲ. ಅದನ್ನು ಕಾಯುತ್ತಿದ್ದುದು ಮರಳಿ ಮರಳಿ ಬರುತ್ತಿದ್ದ ಪ್ರಯಾಣಿಕ. ಛತ್ರ, ಅರವಟಿಗೆಗಳನ್ನು ಕಟ್ಟಿಸಿದ ನಾಡಿನಲ್ಲಿ ದಾರಿಹೋಕನಿಗೆ ಅನ್ನವಿಡುವುದು ಧರ್ಮವೆನಿಸಿತ್ತು. ಆದರೆ ಯಾವ ಜಾತಿಯವನಿಗೆ ಯಾವ ಪಂಕ್ತಿ ಎಂಬ ಪ್ರಶ್ನೆ ಅಲ್ಲಿಯೂ ಬಾಗಿಲಲ್ಲೇ ನಿಂತಿತ್ತೆಂಬುದನ್ನು ನಾವು ಮರೆಯಲಾಗದು.

ಆದುದರಿಂದ ನಿರ್ಗಮನದ ಭೋಜನಗೃಹವನ್ನು ತೂಗುವಾಗ ಎರಡು ತಟ್ಟೆಗಳನ್ನೂ ನೋಡಬೇಕು. ಅದು ಊರಿನ ಪರಿಚಯವನ್ನು ಕಳೆಯಿತು. ಪರಿಚಯವಿಲ್ಲದವನೂ ಉಣ್ಣುವಂತೆ ಮಾಡಿತು. ಮೊದಲನೆಯದು ಹೆದ್ದಾರಿಯೊಡನೆ ತಾನಾಗಿಯೇ ಬಂದಿತು. ಎರಡನೆಯದು ತಾನಾಗಿ ಬರಲಿಲ್ಲ. ಅದಕ್ಕೆ ಶಾಸನವೂ ನ್ಯಾಯಾಲಯವೂ ಅವಮಾನ ಸಹಿಸಿದ ಅನೇಕ ಪ್ರಯಾಣಿಕರೂ ಬೇಕಾದರು. ನಮ್ಮ ಹೊಸ ಹೆದ್ದಾರಿಗಳ ಬದಿಯಲ್ಲಿ ಏಳುತ್ತಿರುವ ಭೋಜನಗೃಹಗಳಲ್ಲಿ ಯಾವ ಹೆಸರುಗಳಿವೆ, ಅವು ಯಾರ ಒಡೆತನದವು, ಹಳೆಯ ದಾರಿಯ ಅಡುಗೆಯವರು ಏನಾದರು, ಅಲ್ಲಿ ಯಾರು ನಿಸ್ಸಂಕೋಚವಾಗಿ ಒಳಗೆ ಹೋಗುತ್ತಾರೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಸ್ಥಳಕ್ಕೆ ಹೋಗಿ ಕೇಳಿ ಬರೆದಿಡುವುದಕ್ಕೆ ಇದು ತಕ್ಕ ಕಾಲ. ಹಳೆಯ ದಾರಿಯ ಒಲೆಗಳ ಬಳಿ ಕುಳಿತವರು ಇನ್ನೂ ನಮ್ಮ ನಡುವೆ ಇದ್ದಾರೆ.