ನೀರಿನಡಿಯ ಫೋಟೋಗೆ ಎಷ್ಟು ಖರ್ಚು ಮಾಡಬೇಕು?



ರಜೆ ಸಿಕ್ಕರೆ ಊರ ಕಡೆ ಮುಖ ಮಾಡುವುದು ನಮ್ಮವರ ಹಳೇ ಅಭ್ಯಾಸ. ಈಚೆಗೆ ಅದರ ಜೊತೆ ಇನ್ನೊಂದು ಹುಚ್ಚು ಸೇರಿಕೊಂಡಿದೆ. ಮುಂಬೈಯಲ್ಲಿ ಮತ್ಸ್ಯಗಂಧಾ ರೈಲು ಹತ್ತಿ ಮುರ್ಡೇಶ್ವರದಲ್ಲಿ ಇಳಿದವರು ಶಿವನ ದರ್ಶನ ಮುಗಿಸಿ ನೇತ್ರಾಣಿ ದ್ವೀಪದ ದೋಣಿ ಹತ್ತುತ್ತಾರೆ. ಪುಣೆಯವರು ಮಾಲವಣದ ತಾರ್ಕರ್ಲಿಗೆ ಹೊರಡುತ್ತಾರೆ. ಚೆನ್ನೈ, ಹೈದರಾಬಾದಿನವರಿಗೆ ಪುದುಚೇರಿ ಇದೆ, ಇಲ್ಲವೇ ಅಂಡಮಾನಿನ ಹ್ಯಾವ್‌ಲಾಕ್, ಅಂದರೆ 2018ರಿಂದ ಸ್ವರಾಜ್ ದ್ವೀಪ ಎಂದು ಕರೆಸಿಕೊಳ್ಳುವ ಊರು ಇದೆ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮೀನುಗಳ ಮಧ್ಯೆ ಅರ್ಧ ಗಂಟೆ ಇದ್ದು ಬರುವ ಆಸೆ ಯಾರಿಗಿಲ್ಲ ಹೇಳಿ?

ಟಿಕೆಟ್ ಬುಕ್ ಆದ ಮರುಕ್ಷಣ ಬರುವ ಪ್ರಶ್ನೆ, "ಯಾವ ಕ್ಯಾಮೆರಾ ತಗೊಳ್ಳಲಿ?" ಆಳ ನೋಡದೆ ನೀರಿಗಿಳಿಯಬಾರದು ಅಂತಾರಲ್ಲ, ಹಾಗೆಯೇ ಆಳ ತಿಳಿಯದೆ ಕ್ಯಾಮೆರಾ ಅಂಗಡಿಗೂ ಇಳಿಯಬಾರದು. ಯಾವುದಕ್ಕೆ ಮೊದಲು ದುಡ್ಡು ಹಾಕಬೇಕು, ಯಾವುದಕ್ಕೆ ಆಮೇಲೆ ಎಂಬ ಕ್ರಮ ಗೊತ್ತಾದರೆ ಜೇಬಿಗೂ ಕ್ಷೇಮ, ಜೀವಕ್ಕೂ ಕ್ಷೇಮ.

ಮೊದಲ ಡೈವ್‌ಗೆ ಬರಿಗೈ

ತರಬೇತಿಯಿಲ್ಲದೆ ಒಂದು ದಿನದ ಮಟ್ಟಿಗೆ ನೀರಿಗಿಳಿಯುವವರನ್ನು ಸಾಮಾನ್ಯವಾಗಿ 12 ಮೀಟರಿಗಿಂತ ಕೆಳಗೆ ಕರೆದೊಯ್ಯುವುದಿಲ್ಲ. ಮೂರು ನಾಲ್ಕು ದಿನದ ಓಪನ್ ವಾಟರ್ ಕೋರ್ಸ್ ಮುಗಿಸಿದವರಿಗೆ 18 ಮೀಟರ್ ಮಿತಿ. ನೀವು ಮೊದಲ ಗುಂಪಿನವರಾದರೆ ನಿಮಗೆ ಕ್ಯಾಮೆರಾ ಬೇಡವೇ ಬೇಡ. ಅನೇಕ ಕಡೆ ಬೋಧಕರೇ ಫೋಟೋ, ವಿಡಿಯೋ ತೆಗೆದು ಕೊಡುತ್ತಾರೆ. ಬುಕ್ ಮಾಡುವಾಗಲೇ ಅದು ಪ್ಯಾಕೇಜಿನಲ್ಲಿ ಸೇರಿದೆಯೇ, ಬೇರೆ ದುಡ್ಡೇ ಎಂದು ಕೇಳಿಕೊಳ್ಳಿ.

ಇದು ಬರೀ ಉಳಿತಾಯದ ಮಾತಲ್ಲ. ನೆಲದ ಮೇಲೆ ಫೋಟೋ ಅಲುಗಾಡದಿರಲಿ ಎಂದು ನಾವು ಉಸಿರು ಬಿಗಿ ಹಿಡಿಯುತ್ತೇವೆ, ಅದು ಅಭ್ಯಾಸ. ನೀರಿನಡಿಯಲ್ಲಿ ಆ ಅಭ್ಯಾಸವೇ ಅಪಾಯ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು. ಅಲ್ಲಿ ಎಳೆದುಕೊಂಡ ಉಸಿರು ಮೇಲೆ ಬರುವಷ್ಟರಲ್ಲಿ ಹಿಗ್ಗಿ ಎರಡು ಪಟ್ಟಾಗುತ್ತದೆ. ಉಸಿರು ಕಟ್ಟಿಕೊಂಡು ಕೆಲವೇ ಮೀಟರ್ ಮೇಲೇರಿದರೂ ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ಉಸಿರಾಟ ನಿಲ್ಲಿಸಬೇಡಿ ಎಂಬುದು ಸ್ಕೂಬಾದ ಮೊದಲ ಪಾಠವಾಗಿರುವುದು ಇದಕ್ಕಾಗಿಯೇ. ಕಣ್ಣು ಸ್ಕ್ರೀನಿನ ಮೇಲೆ ನೆಟ್ಟಿದ್ದರೆ ಗಾಳಿಯ ಮೀಟರ್ ಮರೆಯುತ್ತದೆ, ಜೊತೆಗಾರ ಎತ್ತ ಹೋದ ಎಂಬುದೂ ಮರೆಯುತ್ತದೆ. ಕೈಕಾಲು ಬಡಿಯದೆ, ಮೇಲೂ ಏಳದೆ ಕೆಳಗೂ ಕುಸಿಯದೆ ಒಂದೆಡೆ ತೇಲಿ ನಿಲ್ಲಲು ಬಂದ ಮೇಲೆಯೇ ಕೈಗೆ ಕ್ಯಾಮೆರಾ. ಬಜೆಟ್ಟಿನ ಮೊದಲ ಪಾಲು ಇನ್ನೊಂದೆರಡು ಡೈವ್‌ಗಳಿಗೆ ಹೋಗಲಿ.

ಡಬ್ಬಿಯ ಮೇಲಿನ ಅಂಕಿ

ನೀರಿಗಿಳಿದಂತೆ ಪ್ರತಿ 10 ಮೀಟರಿಗೂ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರ. ಹಾಗಾಗಿ "ವಾಟರ್‌ಪ್ರೂಫ್" ಎಂಬ ಪದಕ್ಕೆ ಮರುಳಾಗದೆ ಎಷ್ಟು ಮೀಟರ್ ಎಂದು ನೋಡಿ.

ಮೊಬೈಲ್ ಫೋನಿನ ಐಪಿ68 ಎಂಬ ಗುರುತು ಸಿಹಿನೀರಿನಲ್ಲಿ, ಅಲುಗಾಡದೆ, ಅರ್ಧ ಗಂಟೆ ಮಾಡಿದ ಪರೀಕ್ಷೆಯ ಮಾತು. ಆಳವೂ ಒಂದೂವರೆ ಮೀಟರಿನಿಂದ ಆರು ಮೀಟರಿನೊಳಗೆ. ಉಪ್ಪುನೀರಿನ ಕಥೆಯೇ ಬೇರೆ. ನೀರು ನುಗ್ಗಿ ಫೋನ್ ಕೆಟ್ಟರೆ ಹೆಚ್ಚಿನ ಕಂಪನಿಗಳ ವಾರಂಟಿ ನೆರವಿಗೆ ಬರುವುದಿಲ್ಲ. ಕೊರಳಿಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಚೀಲ ದಡದ ಬಳಿ ಸ್ನಾರ್ಕೆಲಿಂಗಿಗೆ ಸಾಕು, ಸ್ಕೂಬಾಕ್ಕೆ ಆಗದು. ನೀರಿನಲ್ಲಿ ಟಚ್‌ಸ್ಕ್ರೀನ್ ಬೆರಳಿನ ಮಾತು ಕೇಳುವುದೂ ಇಲ್ಲ. ಫೋನನ್ನೇ ಒಯ್ಯಬೇಕೆಂದರೆ ಬಟನ್ ಇರುವ ಗಟ್ಟಿ ಡೈವಿಂಗ್ ಪೆಟ್ಟಿಗೆ ಬೇಕು. ಅಂಥವು 40 ಮೀಟರ್ ತಾಳುವಂಥವೂ ಸಿಗುತ್ತವೆ. ಆದರೆ ನೀರು ಸೋರಿದರೆ ಹೋಗುವುದು ಬ್ಯಾಂಕು, ಫೋಟೋ, ಫೋನ್ ನಂಬರ್ ಎಲ್ಲವೂ ಇರುವ ನಿಮ್ಮ ಒಂದೇ ಫೋನು ಎಂಬುದು ನೆನಪಿರಲಿ.

ಆಕ್ಷನ್ ಕ್ಯಾಮೆರಾಗಳ ಲೆಕ್ಕ ಹೀಗಿದೆ. ಗೋಪ್ರೋ ಹೀರೋ 13 ಬ್ಲ್ಯಾಕ್ ಬರಿಮೈಯಲ್ಲಿ 10 ಮೀಟರ್ ತಾಳುತ್ತದೆ. 2024ರಲ್ಲಿ ಬಂದ ಅದೇ ಕಂಪನಿಯ ಅಗ್ಗದ ಪುಟ್ಟ 'ಹೀರೋ' ತಾಳುವುದು 5 ಮೀಟರ್ ಮಾತ್ರ. ಡಿಜೆಐ ಆಸ್ಮೋ ಆಕ್ಷನ್ 4 ಆದರೆ 18 ಮೀಟರ್, ಆಕ್ಷನ್ 5 ಪ್ರೋ 20 ಮೀಟರ್. ಹೀರೋ 13 ಮತ್ತು ಈ ಎರಡು ಆಸ್ಮೋಗಳಿಗೆ 60 ಮೀಟರ್ ತಾಳುವ ಪಾರದರ್ಶಕ ಕವಚ ಸಿಗುತ್ತದೆ. ಬರಿಮೈ ಮಿತಿ ಸಾಕೆನಿಸಿದರೂ ಕವಚ ಕೊಳ್ಳುವುದೇ ಲೇಸು. ಕಲ್ಲಿಗೆ ಬಡಿದರೆ ಕವಚಕ್ಕೆ ಗೀರು ಬೀಳುತ್ತದೆ, ಕ್ಯಾಮೆರಾಕ್ಕಲ್ಲ.

ಇನ್ನೊಂದು ಜಾತಿ ಗಟ್ಟಿಮುಟ್ಟು ಕಾಂಪ್ಯಾಕ್ಟ್ ಕ್ಯಾಮೆರಾ. ಓಎಂ ಸಿಸ್ಟಮ್ ಟಿಜಿ-7 ಅದಕ್ಕೆ ಒಳ್ಳೆಯ ಉದಾಹರಣೆ. ಬರಿಮೈಯಲ್ಲಿ 15 ಮೀಟರ್, ಹೌಸಿಂಗ್ ಪೆಟ್ಟಿಗೆಯೊಳಗೆ 45 ಮೀಟರ್. ಲೆನ್ಸಿನಿಂದ ಒಂದೇ ಸೆಂಟಿಮೀಟರ್ ದೂರದ ವಸ್ತುವನ್ನೂ ಸ್ಪಷ್ಟವಾಗಿ ಹಿಡಿಯುತ್ತದೆ. ಪುಟಾಣಿ ಏಡಿ, ಬಣ್ಣದ ಸಮುದ್ರಹುಳು ಇಷ್ಟಪಡುವವರಿಗೆ ಇದೇ ಸರಿ. ಅಗಲ ನೋಟದ ವಿಡಿಯೋ, ಮಕ್ಕಳ ಈಜು, ಮೀನಿನ ಹಿಂಡು ಬೇಕೆನ್ನುವವರಿಗೆ ಆಕ್ಷನ್ ಕ್ಯಾಮೆರಾ. ಎರಡಕ್ಕೂ ಆಸೆಪಟ್ಟರೆ ಜೇಬು ತೂತು.

ಕೆಂಪು ಎಲ್ಲಿ ಹೋಯಿತು?

ಊರಿಗೆ ಬಂದು ಫೋಟೋ ತೆರೆದರೆ ಎಲ್ಲವೂ ನೀಲಿ, ಹಸಿರು. ಇದರಲ್ಲಿ ಕ್ಯಾಮೆರಾದ ತಪ್ಪಿಲ್ಲ. ನೀರು ಬೆಳಕಿನಲ್ಲಿ ಮೊದಲು ನುಂಗುವುದು ಕೆಂಪನ್ನು. 5 ಮೀಟರ್ ಆಳದಲ್ಲೇ ಕೆಂಪು ಮಂಕಾಗುತ್ತದೆ, ಇನ್ನೂ ಕೆಳಗೆ ಕಿತ್ತಳೆ, ಆಮೇಲೆ ಹಳದಿ ಮರೆಯಾಗುತ್ತವೆ. ಲೆಕ್ಕಕ್ಕೆ ಬರುವುದು ಆಳವೊಂದೇ ಅಲ್ಲ. ನಿಮಗೂ ಮೀನಿಗೂ ನಡುವೆ ಇರುವ ನೀರೂ ಬಣ್ಣ ತಿನ್ನುತ್ತದೆ, ನೀರಿನಲ್ಲಿ ತೇಲುವ ಕಣಗಳು ಚಿತ್ರವನ್ನು ಮಬ್ಬು ಮಾಡುತ್ತವೆ.

ಆದ್ದರಿಂದ ಪೈಸೆ ಖರ್ಚಿಲ್ಲದ ಅತ್ಯುತ್ತಮ ಉಪಾಯವೆಂದರೆ ಹತ್ತಿರ ಹೋಗುವುದು. ಒಂದು ಮೀಟರಿನೊಳಗೆ ಬಂದು ತೆಗೆದ ಅಗ್ಗದ ಕ್ಯಾಮೆರಾದ ಚಿತ್ರ, ಐದು ಮೀಟರ್ ದೂರದಿಂದ ಜೂಮ್ ಮಾಡಿದ ದುಬಾರಿ ಚಿತ್ರವನ್ನು ಸೋಲಿಸುತ್ತದೆ. ಎರಡನೆಯದು, ಸೂರ್ಯ ನೆತ್ತಿಯ ಮೇಲಿರುವಾಗ, ಆಳ ಕಡಿಮೆ ಇರುವಲ್ಲಿ ತೆಗೆಯಿರಿ. ಮೂರನೆಯದು, ಕವಚದ ಮುಂದೆ ಸಿಕ್ಕಿಸುವ ಕೆಂಪು ಫಿಲ್ಟರ್. ಇದರ ಬೆಲೆ ಹೆಚ್ಚಲ್ಲ, ನೀಲಿ ನೀರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಹಸಿರು ಛಾಯೆಯ ನೀರಿಗಾದರೆ ಮೆಜೆಂಟಾ ಬಣ್ಣದ್ದು ಬೇಕು. ಮೇಲೆ ಬಂದ ಕೂಡಲೇ ತೆಗೆದುಬಿಡಿ, ಇಲ್ಲದಿದ್ದರೆ ದೋಣಿಯಲ್ಲಿ ಎಲ್ಲರ ಮುಖವೂ ಕೆಂಪುಕೆಂಪು!

ವಿಡಿಯೋ ಲೈಟು ಕೊನೆಯ ಖರೀದಿ. ಅದರ ಬೆಳಕು ಒಂದೆರಡು ಮೀಟರಿನಾಚೆ ದಣಿಯುತ್ತದೆ. ಲೆನ್ಸಿನ ಪಕ್ಕದಲ್ಲೇ ನೇರವಾಗಿ ಹಿಡಿದರೆ ಕಣಗಳೆಲ್ಲ ಹೊಳೆದು ಚಿತ್ರದ ತುಂಬ ಚುಕ್ಕಿ. ಆಗುಂಬೆ ಘಾಟಿಯ ಮಂಜಿನಲ್ಲಿ ಹೈ ಬೀಮ್ ಹಾಕಿದ ಹಾಗೆ. ಲೈಟನ್ನು ಪಕ್ಕಕ್ಕೆ, ದೂರಕ್ಕೆ ಚಾಚಿದ ತೋಳಿಗೆ ಕಟ್ಟಬೇಕು, ಆಗ ಫಿಲ್ಟರ್ ತೆಗೆದಿರಬೇಕು.

ಇನ್ನೊಂದು ಗುಟ್ಟು: ಫೋಟೋ ಕ್ಲಿಕ್ಕಿಸಲು ಒದ್ದಾಡುವ ಬದಲು 4ಕೆ ವಿಡಿಯೋ ತೆಗೆಯಿರಿ. ಅದರ ಒಂದೊಂದು ಫ್ರೇಮೂ ಸುಮಾರು 8 ಮೆಗಾಪಿಕ್ಸೆಲ್ ಚಿತ್ರ. ಮನೆಯಲ್ಲಿ ಕೂತು ಚೆಂದದ್ದನ್ನು ಆರಿಸಿಕೊಳ್ಳಬಹುದು.

ಒಂದು ಕೂದಲು ಸಾಕು

ಕವಚದ ಬಾಗಿಲಿನಲ್ಲಿ ಕುಕ್ಕರಿನ ಗ್ಯಾಸ್ಕೆಟ್ಟಿನಂಥ ಒಂದು ರಬ್ಬರ್ ಬಳೆ ಇರುತ್ತದೆ, ಅದಕ್ಕೆ ಓ-ರಿಂಗ್ ಎನ್ನುತ್ತಾರೆ. ನೀರಿಗೂ ಕ್ಯಾಮೆರಾಕ್ಕೂ ನಡುವಿನ ಕಾವಲುಗಾರ ಅದೇ. ಅದರ ಮೇಲೆ ಒಂದು ಕೂದಲು, ಒಂದು ಮರಳಿನ ಕಣ ಕೂತರೂ ನೀರು ಒಳಗೆ. ಹೊಸ ಕವಚವನ್ನು ಮೊದಲು ಕ್ಯಾಮೆರಾ ಇಡದೆ, ಒಳಗೆ ಟಿಶ್ಯೂ ಕಾಗದ ಇಟ್ಟು ಬಕೆಟ್ಟಿನಲ್ಲಿ ಮುಳುಗಿಸಿ ನೋಡಿ. ಆಮೇಲೆ ಒಂದು ಡೈವ್‌ಗೂ ಖಾಲಿಯಾಗಿಯೇ ಒಯ್ಯಿರಿ. ಕಾಗದ ಒಣಗಿದ್ದರೆ ಪಾಸು. ದೋಣಿಯ ಮೇಲೆ ಒದ್ದೆ ಕೈಯಲ್ಲಿ ಮುಚ್ಚಬೇಡಿ. ರೂಮಿನ ಒಣ ಗಾಳಿಯಲ್ಲೇ ಮುಚ್ಚಿ, ಒಳಗೆ ತೇವ ಹೀರುವ ಪುಟ್ಟ ಪಟ್ಟಿ ಇಡಿ, ಗಾಜು ಮಂಜಾಗದು. ಡೈವ್ ಮುಗಿದ ಮೇಲೆ ಮುಚ್ಚಿದ ಕವಚವನ್ನೇ ಸಿಹಿನೀರಿನಲ್ಲಿ ನೆನೆಸಿಡಿ. ಉಪ್ಪು ಒಣಗಿ ಹರಳಾದರೆ ಬಟನ್ ಹಾಳು.

ವಿಮಾನದಲ್ಲಿ ಹೋಗುವವರು ಹೆಚ್ಚುವರಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಚೆಕ್-ಇನ್ ಸೂಟ್‌ಕೇಸಿನಲ್ಲಿ ಅಲ್ಲ.

ಹಾಗಾದರೆ ಕೊನೆಗೆ ಏನು ಕೊಳ್ಳಲಿ?

ವರ್ಷಕ್ಕೊಂದು ರಜೆಯವರು ಬಾಡಿಗೆಗೆ ಕೇಳಿ ನೋಡಿ. ಎರಡು ಮೂರು ರಜೆಗೂ ನೀರಿಗಿಳಿಯುವುದು ಖಚಿತವಾದರೆ ಒಂದು ವರ್ಷ ಹಳೆಯ ಮಾಡೆಲ್ಲಿನ ಆಕ್ಷನ್ ಕ್ಯಾಮೆರಾ, ಅದರದೇ ಡೈವ್ ಕವಚ, ಕೆಂಪು ಫಿಲ್ಟರ್, ಗಿಡ್ಡ ಹಿಡಿಕೆ, ಜಾಕೆಟ್ಟಿಗೆ ಸಿಕ್ಕಿಸುವ ಸುರುಳಿ ದಾರ, ಒಂದು ಹೆಚ್ಚುವರಿ ಬ್ಯಾಟರಿ. ಇಷ್ಟೇ ಸಾಕು. ಉಳಿದ ಹನುಮಂತನ ಬಾಲ ಅಂಗಡಿಯವರಿಗೇ ಇರಲಿ.

ಉದ್ದ ಸೆಲ್ಫಿ ಕೋಲು ಬೇಡ ಎನ್ನಲು ಕಾರಣವಿದೆ. ಅದು ಹವಳಕ್ಕೆ ತಾಗುತ್ತದೆ. ಹವಳ ಕಲ್ಲಲ್ಲ, ಜೀವ. ಕೆಲವು ಜಾತಿಗಳು ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿಗಿಂತ ಕಡಿಮೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಅದಕ್ಕಿದೆ. ಒಂದು ಫೋಟೋಗಾಗಿ ಅದರ ಮೇಲೆ ಮಂಡಿಯೂರಬೇಡಿ, ಆಮೆಯನ್ನು ಅಟ್ಟಿಸಿಕೊಂಡು ಹೋಗಬೇಡಿ. ಸುಮ್ಮನೆ ತೇಲಿ ನಿಂತರೆ ಮೀನೇ ಹತ್ತಿರ ಬರುತ್ತದೆ, ಚಿತ್ರವೂ ಚೆನ್ನಾಗಿ ಬರುತ್ತದೆ.

ಗಾಳಿಯ ಮೀಟರ್ ಮೊದಲು ನೋಡಿ, ಜೊತೆಗಾರನನ್ನು ಆಮೇಲೆ, ಕ್ಯಾಮೆರಾವನ್ನು ಕೊನೆಗೆ.