ವಿಚ್ಛೇದನಕ್ಕೆ ಯಾವ ಊರಿನ ವಕೀಲರು?

ಮದುವೆ ಮುರಿಯುವ ಹಂತಕ್ಕೆ ಬಂದಾಗ ನಮ್ಮವರು ಸಂಕೋಚದಿಂದ ಇಲ್ಲಿ ಯಾರಿಗೂ ಹೇಳದೆ, ಬೆಂಗಳೂರಿನಲ್ಲಿ ವಕೀಲರಾಗಿರುವ ಬಂಧುವಿಗೋ ಸ್ನೇಹಿತರಿಗೋ ಫೋನು ಮಾಡುವುದುಂಟು. ಆದರೆ ಅಮೆರಿಕದಲ್ಲಿ ಕೌಟುಂಬಿಕ ಕಾನೂನು ದೇಶಕ್ಕೊಂದಲ್ಲ, ರಾಜ್ಯಕ್ಕೊಂದು. ಕ್ಯಾಲಿಫೋರ್ನಿಯಾದಲ್ಲಿ ಅರ್ಜಿ ಹಾಕಲು ದಂಪತಿಗಳಲ್ಲಿ ಒಬ್ಬರಾದರೂ ರಾಜ್ಯದಲ್ಲಿ 6 ತಿಂಗಳು, ಆ ಕೌಂಟಿಯಲ್ಲಿ 3 ತಿಂಗಳು ವಾಸವಾಗಿರಬೇಕು. ಮದುವೆಯ ನಂತರ ದುಡಿದು ಗಳಿಸಿದ್ದು ಅಲ್ಲಿ ಸಾಮಾನ್ಯವಾಗಿ ಇಬ್ಬರಿಗೂ ಸಮಪಾಲು. ನ್ಯೂಯಾರ್ಕಿನಲ್ಲಿ ನ್ಯಾಯಾಧೀಶರು ಪರಿಸ್ಥಿತಿ ನೋಡಿ ಹಂಚುತ್ತಾರೆ. ಆದ್ದರಿಂದ ದಾವೆ ನಡೆಯುವ ರಾಜ್ಯದ ಪರವಾನಗಿ ಇರುವ, ಆ ಕೌಂಟಿಯ ಕೋರ್ಟು ಬಲ್ಲ ವಕೀಲರೇ ಬೇಕು.

ಕ್ಯಾಲಿಫೋರ್ನಿಯಾದ ವಕೀಲರ ಪರವಾನಗಿಯನ್ನೂ ಶಿಸ್ತುಕ್ರಮದ ದಾಖಲೆಯನ್ನೂ ಸ್ಟೇಟ್ ಬಾರ್‌ನ ಅಂತರ್ಜಾಲ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಮೊದಲ ಭೇಟಿಯಲ್ಲೇ ಗಂಟೆಯ ದರವೆಷ್ಟು, ಮುಂಗಡ ರಿಟೈನರ್ ಎಷ್ಟು, ಉಳಿದ ಹಣ ವಾಪಸು ಬರುವುದೇ ಎಂದು ಕೇಳಿ, ಬರವಣಿಗೆಯಲ್ಲಿ ಪಡೆಯಿರಿ. ಎದುರು ಪಕ್ಷದ ವಕೀಲರು 'ನಿಮ್ಮದನ್ನೂ ನಾನೇ ನೋಡಿಕೊಳ್ಳುತ್ತೇನೆ' ಎಂದರೆ ಒಪ್ಪಬೇಡಿ. ಡಿಪೆಂಡೆಂಟ್ ವೀಸಾದಲ್ಲಿದ್ದು ಸ್ವಂತ ಸಂಪಾದನೆ ಇಲ್ಲದವರೂ ಎದೆಗುಂದಬೇಕಿಲ್ಲ. ಹೆಚ್ಚು ಆದಾಯವಿರುವವರೇ ಇನ್ನೊಬ್ಬರ ವಕೀಲರ ಶುಲ್ಕವನ್ನೂ ಕೊಡುವಂತೆ ಅಲ್ಲಿನ ಕೋರ್ಟು ಆದೇಶಿಸಬಹುದು. ಸಮನ್ಸ್ ಕೈಸೇರಿದರೆ ಮಾತ್ರ ಮೂಲೆಗೆ ಎಸೆಯಬೇಡಿ. ಉತ್ತರ ಕೊಡಲು ಇರುವುದು 30 ದಿನ. ಸುಮ್ಮನಿದ್ದರೆ ನಿಮ್ಮ ಮಾತು ಕೇಳದೆಯೇ ತೀರ್ಪಾಗಬಹುದು.

ಮದುವೆ ಭಾರತದಲ್ಲಿ ಆಗಿದ್ದರೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಇಲ್ಲಿನ ತೀರ್ಪು ಅಲ್ಲಿ ನಡೆಯುತ್ತದೆಯೇ? 1975ರಲ್ಲಿ ತಿರುಪತಿಯಲ್ಲಿ ಮದುವೆಯಾದ ದಂಪತಿಗಳ ಪ್ರಕರಣ ಪ್ರಸಿದ್ಧವಾದುದು. ಪತಿ ಮಿಸ್ಸೌರಿಯ ಕೋರ್ಟಿನಲ್ಲಿ ವಿಚ್ಛೇದನ ಪಡೆದರು. ಪತ್ನಿ ಭಾರತದಲ್ಲಿ ಅವರ ಮೇಲೆ ದ್ವಿಪತ್ನಿತ್ವದ ದೂರು ಕೊಟ್ಟರು. ಮಿಸ್ಸೌರಿಯ ತೀರ್ಪಿಗೆ ಭಾರತದಲ್ಲಿ ಮಾನ್ಯತೆ ಇಲ್ಲವೆಂದು ಸುಪ್ರೀಂ ಕೋರ್ಟು 1991ರಲ್ಲಿ ಹೇಳಿತು. ದಾಂಪತ್ಯ ಸರಿಹೋಗದಷ್ಟು ಕೆಟ್ಟಿದೆ ಎಂಬ ಅಲ್ಲಿನ ಕಾರಣ ಹಿಂದೂ ವಿವಾಹ ಕಾಯಿದೆಯಲ್ಲಿ ಇಲ್ಲ. ಪತ್ನಿ ಆ ಕೋರ್ಟಿನ ಅಧಿಕಾರವನ್ನು ಒಪ್ಪಿರಲೂ ಇಲ್ಲ. ಇಂಥ ಸ್ಥಿತಿಯಲ್ಲಿ ಮರುಮದುವೆ ಕ್ರಿಮಿನಲ್ ಮೊಕದ್ದಮೆಗೆ ದಾರಿಯಾಗಬಹುದು. ಇಬ್ಬರೂ ಒಪ್ಪಿ ಪಡೆದ ತೀರ್ಪಿಗೆ ಅದೇ ನ್ಯಾಯಾಲಯ ವಿನಾಯಿತಿ ಕೊಟ್ಟಿದೆ.

ಹಾಗಾಗಿ ದಾವೆ ನಡೆಸಲು ಇಲ್ಲಿನ ಅಟಾರ್ನಿ ಇರಲಿ. ಅರ್ಜಿಗೆ ಅಥವಾ ಉತ್ತರಕ್ಕೆ ಸಹಿ ಹಾಕುವ ಮೊದಲು ಭಾರತದ ಕಾನೂನು ಬಲ್ಲ ವಕೀಲರನ್ನೂ ಒಮ್ಮೆ ಕೇಳಿ. ಬೆಂಗಳೂರಿನ ಆ ಫೋನು ಉಪಯೋಗಕ್ಕೆ ಬರುವುದು ಇಲ್ಲಿಯೇ.